ಹಿಂದಿನ ಸೀಟಿನಿಂದ ಗೇರು ಹಾಕುವವರು

ಪುಣೆಯ ನಮ್ಮ ತಿಂಗಳ ಕೂಟದಲ್ಲಿ ಸಾಹಿತ್ಯದ ಮಾತು ಮುಗಿದು ಚಹಾ ಬರುವ ಹೊತ್ತಿಗೆ ಹಳೆಯ ಕಾರುಗಳ ಮಾತು ಏಳುವುದುಂಟು. ಈ ಸಲ ಎದ್ದದ್ದು ಅಂಬಾಸಿಡರ್. ನಿಜವಾದ ಅಂಬಾಸಿಡರ್ ಎಂದರೆ ಸ್ಟಿಯರಿಂಗಿನ ಕಂಬಕ್ಕೆ ಗೇರಿನ ಕೋಲು ಇದ್ದದ್ದು, ಆ ಕೋಲು ನೆಲಕ್ಕಿಳಿದ ದಿನವೇ ಕಾರಿನ ಆತ್ಮ ಹಾರಿಹೋಯಿತು ಎಂದು ಹಿರಿಯರೊಬ್ಬರು ತೀರ್ಪಿತ್ತರು. ಅವರ ಬಳಿ ಹೊಳಪು ಕೊಟ್ಟು ಕಾಪಾಡಿದ ಹಳೆಯ ಗಾಡಿಯೊಂದಿದೆ; ಭಾನುವಾರ ಬೆಳಿಗ್ಗೆ ಅದು ಹೊರಗೆ ಬರುತ್ತದೆ. ಎಲ್ಲರೂ ತಲೆದೂಗಿದರು, ನಾವೂ ತಲೆದೂಗಿದೆವು. ಮನೆಗೆ ಬಂದ ಮೇಲೆ ಅದಕ್ಕಾಗಿ ನಾಚಿಕೆಯಾಯಿತು. ಈ ಬರಹ ಆ ನಾಚಿಕೆಯಿಂದ ಹುಟ್ಟಿದ್ದು.

ನಾಚಿಕೆ ಏಕೆಂದರೆ, ಅಂಬಾಸಿಡರಿನ ಬಗೆಗಿನ ನಮ್ಮ ಅನುಭವವೆಲ್ಲ ಹಿಂದಿನ ಸೀಟಿನದು. ಕೇಂದ್ರ ಸರ್ಕಾರದ ನೌಕರಿಗೆ ಸೇರಿದಾಗ ನಮ್ಮ ಕಚೇರಿಯಲ್ಲಿ ಎರಡು ಅಂಬಾಸಿಡರುಗಳಿದ್ದವು: ಕಂಬದಲ್ಲಿ ನಾಲ್ಕು ಗೇರಿನ ಹಳೆಯ ಡೀಸೆಲ್ ಒಂದು, ನೆಲದಲ್ಲಿ ಐದು ಗೇರಿನ ಇಸುಜು ಎಂಜಿನ್ನಿನದು ಇನ್ನೊಂದು. ಎರಡನ್ನೂ ನಡೆಸುತ್ತಿದ್ದವರು ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಕನ್ನಡಿಗರು. ಯಾವ ಗೇರು ಒಳ್ಳೆಯದೆಂದು ನಾವು ಅವರನ್ನು ಒಮ್ಮೆಯೂ ಕೇಳಲಿಲ್ಲ. ಗಾಡಿ ಜಗ್ಗಿದಾಗ ‘ಸ್ವಲ್ಪ ಮೆತ್ತಗೆ’ ಎಂದಷ್ಟೇ ಹೇಳಿದ್ದೇವೆ. ವಾಹನದ ಲಾಗ್ ಪುಸ್ತಕದಲ್ಲಿ ಕಿಲೋಮೀಟರಿಗೊಂದು ಅಂಕಣ, ಇಂಧನಕ್ಕೊಂದು ಅಂಕಣ, ಪ್ರಯಾಣಿಸಿದ ಅಧಿಕಾರಿಯ ಸಹಿಗೊಂದು ಅಂಕಣ ಇತ್ತು. ಚಾಲಕನ ಹೆಗಲಿಗೆ ಅಂಕಣವಿರಲಿಲ್ಲ.

ಮೊದಲು ಆ ‘ಆತ್ಮ’ ಎಲ್ಲಿಂದ ಬಂತೆಂದು ನೋಡೋಣ. ಅಂಬಾಸಿಡರ್ ಹುಟ್ಟಿದ್ದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ಅಚ್ಚಿನಿಂದ. 1950ರ ದಶಕದಲ್ಲಿ ಗೇರನ್ನು ಕಂಬಕ್ಕೇರಿಸಿದ್ದು ಫ್ಯಾಷನ್ನಾಗಿತ್ತು. ಜೊತೆಗೊಂದು ಲಾಭವೂ ಇತ್ತು. ನೆಲ ಖಾಲಿಯಾದರೆ ಮುಂದೆ ಉದ್ದನೆಯ ಬೆಂಚು ಹಾಕಿ ಮೂವರನ್ನು ಕೂರಿಸಬಹುದು. ಆ ಲಾಭವನ್ನು ನಾವು ಅಲ್ಲಗಳೆಯುವುದಿಲ್ಲ. ಮದುವೆಗೆ ಹೊರಟ ನಮ್ಮ ಕುಟುಂಬಗಳು ಆ ಬೆಂಚಿನ ಮೇಲೆ ಮೂವರನ್ನಲ್ಲ, ನಾಲ್ವರನ್ನು ಕೂರಿಸಿದ್ದಿದೆ. ಆದರೆ ಕೈಯಲ್ಲಿ ಹಿಡಿದ ಕೋಲಿಗೂ ಕೆಳಗೆ ದೂರದಲ್ಲಿರುವ ಗೇರ್ ಪೆಟ್ಟಿಗೆಗೂ ನಡುವೆ ಸರಳುಗಳು, ತಿರುಗುಣಿಗಳು, ಬುಷ್‌ಗಳು ಬೇಕಾದವು. ಅವು ಸವೆದಂತೆ ಕೋಲು ಜೋಲುತ್ತದೆ. ಎರಡನೆಯದೆಂದು ಹಾಕಿದ್ದು ಎಲ್ಲಿಗೋ ಹೋಗುತ್ತದೆ. ಕೆಲವೊಮ್ಮೆ ಎಲ್ಲಿಗೂ ಹೋಗದೆ ಸಿಕ್ಕಿಕೊಳ್ಳುತ್ತದೆ. ಆಗ ಚಾಲಕ ಇಳಿದು, ಬಾನೆಟ್ ಎತ್ತಿ, ಬಿಸಿ ಎಂಜಿನ್ನಿನ ಪಕ್ಕ ಕೈತೂರಿಸಿ ಸರಳನ್ನು ಎಳೆದು ಬಿಡಿಸಬೇಕು. ಹಿಂದೆ ಕುಳಿತವರಿಗೆ ಅದು ಐದು ನಿಮಿಷದ ವಿರಾಮ.

ಇನ್ನು ಮೊದಲ ಗೇರು. ಗೇರ್ ಪೆಟ್ಟಿಗೆಯೊಳಗೆ ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಭಾಗಗಳು ಒಂದಕ್ಕೊಂದು ಕಚ್ಚಿಕೊಳ್ಳುವ ಮುನ್ನ ಅವುಗಳ ವೇಗವನ್ನು ಉಜ್ಜಿ ಸಮ ಮಾಡುವ ಶಂಕುವಿನಾಕಾರದ ಉಂಗುರಕ್ಕೆ ಸಿಂಕ್ರೊಮೆಷ್ ಎಂದು ಹೆಸರು. ಹಳೆಯ ನಾಲ್ಕು ಗೇರಿನ ಪೆಟ್ಟಿಗೆಯಲ್ಲಿ ಅದು ಮೇಲಿನ ಮೂರಕ್ಕಷ್ಟೇ ಇತ್ತು, ಮೊದಲನೆಯದಕ್ಕೆ ಇರಲಿಲ್ಲ. ಸಮತಟ್ಟಿನಲ್ಲಿ ಇದು ತೊಂದರೆಯಲ್ಲ. ನಿಂತ ಗಾಡಿಗೆ ಮೊದಲ ಗೇರು ಹಾಕಲು ಯಾವ ಉಂಗುರವೂ ಬೇಡ. ಆದರೆ ಪುಣೆಯಿಂದ ಬೆಳಗಾವಿಯತ್ತ ಹೊರಟವರಿಗೆ ಖಂಬಾಟಕಿ ಘಾಟಿ ಎದುರಾಗುತ್ತದೆ. ಸುರಂಗವಿದ್ದದ್ದು ಸಾತಾರಾ ಕಡೆಯಿಂದ ಬರುವವರಿಗೆ, ಹೋಗುವವರು ಏರಲೇಬೇಕಿತ್ತು. ಮುಂದೆ ತುಂಬಿದ ಲಾರಿ, ಎರಡನೆಯ ಗೇರಿನಲ್ಲಿ ಎಂಜಿನ್ ಉಸಿರುಕಟ್ಟಿ ನಡುಗುತ್ತಿದೆ. ಚಲಿಸುತ್ತಿರುವಾಗಲೇ ಮೊದಲಿಗೆ ಇಳಿಯಬೇಕೆಂದರೆ ಕ್ಲಚ್ಚು ಒತ್ತಿ, ನ್ಯೂಟ್ರಲ್ಲಿಗೆ ತಂದು, ಕ್ಲಚ್ಚು ಬಿಟ್ಟು, ಕಾಲಿನಿಂದ ಎಂಜಿನ್ನನ್ನು ಒಮ್ಮೆ ಕೆರಳಿಸಿ, ಮತ್ತೆ ಕ್ಲಚ್ಚು ಒತ್ತಿ, ಆಮೇಲೆ ಗೇರು ಹಾಕಬೇಕು. ಇದಿಷ್ಟನ್ನೂ ಲಾರಿಯ ಬಾಲಕ್ಕೂ ಹಿಂದಿನ ಬಸ್ಸಿನ ಮೂತಿಗೂ ನಡುವೆ, ಏರಿನಲ್ಲಿ ವೇಗ ಸಾಯುವ ಮುನ್ನ ಮುಗಿಸಬೇಕು. ಲೆಕ್ಕ ತಪ್ಪಿದರೆ ಹಲ್ಲುಗಳು ಕಿರ್ರೆನ್ನುತ್ತವೆ. ಆಗ ಪೂರ್ತಿ ನಿಲ್ಲಿಸಿ, ಡ್ಯಾಶ್‌ಬೋರ್ಡಿನ ಕೆಳಗಿನ ಕೊಡೆಯ ಹಿಡಿಯಂಥ ಹ್ಯಾಂಡ್‌ಬ್ರೇಕನ್ನು ನಂಬಿ, ಏರಿನಲ್ಲೇ ಹೊಸದಾಗಿ ಹೊರಡಬೇಕು. ನಮ್ಮ ಚಾಲಕರು ಎಷ್ಟು ಬಾರಿ ಹೀಗೆ ಹೊರಟರೋ ನಾವು ಎಣಿಸಿಲ್ಲ. ನಾವು ಕಡತ ಓದುತ್ತಿದ್ದೆವು.

ಇದು ಕೌಶಲ, ಇಂದಿನವರಿಗೆ ಅದು ಬರುವುದಿಲ್ಲ ಎಂದು ಹಳೆಯದರ ಭಕ್ತರು ಹೇಳುತ್ತಾರೆ. ಕೌಶಲವೇ, ಒಪ್ಪಿದೆವು. ಆದರೆ ಬಾವಿಯಿಂದ ನೀರು ಸೇದುವುದೂ ಕೌಶಲವೇ. ಕೊಳಾಯಿ ಬಂದಾಗ ಅಳುವ ಹಕ್ಕು ಸೇದಿದವರಿಗೆ ಇದ್ದೀತು; ಸೇದಿಸಿದವರಿಗಿಲ್ಲ. ಈ ಕೊರತೆ ಅನಿವಾರ್ಯವೂ ಆಗಿರಲಿಲ್ಲ. ಬಿಎಂಸಿಯ ಅದೇ ಬಿ ಸೀರೀಸ್ ವಂಶದ ಎಂಜಿನ್ ಹೊತ್ತ ಎಂಜಿಬಿ ಕಾರಿಗೆ ಇಂಗ್ಲೆಂಡಿನಲ್ಲಿ 1967ರಲ್ಲೇ ನಾಲ್ಕೂ ಗೇರುಗಳಿಗೆ ಸಿಂಕ್ರೊಮೆಷ್ ಬಂದಿತ್ತು. ಇಲ್ಲಿ ಮಾತ್ರ ಮಾರ್ಕ್ 2, 1975ರ ಮಾರ್ಕ್ 3, 1979ರ ಮಾರ್ಕ್ 4 ಎಂದು ಜಾಲರಿಯೂ ದೀಪಗಳೂ ಬದಲಾದವು, ಪೆಟ್ಟಿಗೆ ಅದೇ ಉಳಿಯಿತು. ಪರವಾನಗಿಯ ಕಾಲ, ಹಣ ಕಟ್ಟಿ ವರ್ಷಗಟ್ಟಲೆ ಕಾಯುವ ಗಿರಾಕಿ ಇರುವಾಗ ಗೇರು ಯಾರಿಗೆ ಬೇಕು? ನಾವು ಇಂದು ‘ಆತ್ಮ’ ಎಂದು ಕರೆಯುತ್ತಿರುವುದರಲ್ಲಿ ದೊಡ್ಡ ಪಾಲು ಸ್ಪರ್ಧೆಯಿಲ್ಲದ ಕಂಪನಿಯ ಸೋಮಾರಿತನ. ಮುಂಬಯಿಯ ಪದ್ಮಿನಿಯ ಕತೆಯೂ ಬೇರೆಯಲ್ಲ. 1985ರಲ್ಲಿ ಅದೇ ಪ್ರೀಮಿಯರ್ ಕಂಪನಿ ನಿಸ್ಸಾನ್ ಎಂಜಿನ್ನಿನ 118ಎನ್‌ಇ ತಂದಾಗ ಗೇರು ನೆಲದಲ್ಲಿತ್ತು. ಪದ್ಮಿನಿಗೆ ಆ ಭಾಗ್ಯ ಬಂದದ್ದು ಕೊನೆಗಾಲದ ಎಸ್1 ಮಾದರಿಯಲ್ಲಿ.

ಮಾರುತಿ 800 ಬಂದದ್ದು 1983ರ ಡಿಸೆಂಬರಿನಲ್ಲಿ. ಅದಾಗಿ ಹತ್ತಿರ ಹತ್ತಿರ ಒಂದು ದಶಕದ ಮೇಲೆ ಅಂಬಾಸಿಡರಿಗೆ ಇಸುಜುವಿನ 1.8 ಲೀಟರ್ ಎಂಜಿನ್ನೂ ನೆಲದ ಐದು ಗೇರುಗಳೂ ಬಂದವು. 55ರ ಆಸುಪಾಸಿನಲ್ಲಿದ್ದ ಅಶ್ವಶಕ್ತಿ 75ಕ್ಕೇರಿತು. ಸುಧಾರಣೆಯ ಭಕ್ತರಿಗೂ ಇಲ್ಲಿ ಒಂದು ಮಾತು ಹೇಳಬೇಕು: ಆ ಗಾಡಿ ನಿರ್ದೋಷಿಯಲ್ಲ. ಐದನೆಯ ಗೇರಿನಿಂದ ಹೆದ್ದಾರಿಯಲ್ಲಿ ಎಂಜಿನ್ನಿನ ಕೂಗು ತಗ್ಗಿತು, ನಿಜ. ಊರೊಳಗೆ ಸ್ವಾರ್‌ಗೇಟಿನ ಗದ್ದಲದಲ್ಲಿ ಅದು ಅಲಂಕಾರ ಮಾತ್ರ. ಕೋಲು ಉದ್ದವಾಗಿತ್ತು, ಅಲುಗುತ್ತಿತ್ತು. ಬೆಂಚಿನ ನಡುವೆ ಕೂರುತ್ತಿದ್ದ ಮೂರನೆಯವನ ಜಾಗ ಹೋಯಿತು. ಹಳೆಯ ಪೆಟ್ಟಿಗೆಯ ಬಿಡಿಭಾಗ ನಾನಾ ಪೇಠೆಯಲ್ಲಿ ಸುಲಭವಾಗಿ ಸಿಕ್ಕಷ್ಟು ಹೊಸದರದು ಸಿಗುತ್ತಿರಲಿಲ್ಲ ಎಂದು ನಮ್ಮ ಚಾಲಕರೇ ಗೊಣಗಿದ್ದು ನೆನಪಿದೆ. ಆದರೂ ಹೊರಸಂಚಾರವೆಂದರೆ ಅವರು ಇಸುಜುವಿನ ಬೀಗದಕೈಯನ್ನೇ ಮೊದಲು ತೆಗೆದುಕೊಳ್ಳುತ್ತಿದ್ದರು. ನಮಗೆ ಅದು ಆಗ ಕಾಣಲಿಲ್ಲ.

ಇಂಗ್ಲಿಷ್ ಎಂ.ಎ. ಓದುವಾಗ ಕಿಂಗ್ ಲಿಯರ್ ನಾಟಕದ 1608ರ ಮುದ್ರಣವನ್ನೂ 1623ರ ಮುದ್ರಣವನ್ನೂ ಎದುರುಬದುರು ಇಟ್ಟು ನೋಡುವ ಪಾಠವಿತ್ತು. ಮೊದಲು ಬಂದದ್ದು ಎಂಬ ಒಂದೇ ಕಾರಣಕ್ಕೆ ಅದೇ ಶುದ್ಧ ಪಾಠವೆಂದು ಅಲ್ಲಿ ಯಾರೂ ಒಪ್ಪುತ್ತಿರಲಿಲ್ಲ. ಸಾಲು ಸಾಲನ್ನೂ ಕೇಳಿ ನೋಡಬೇಕಿತ್ತು. ಕಾರಿನ ವಿಷಯದಲ್ಲಿ ಮಾತ್ರ ನಾವು ಮೊದಲ ಮುದ್ರಣದ ಪೂಜಾರಿಗಳಾಗುವುದು ಯಾವ ನ್ಯಾಯ? ಊರು ಬಿಟ್ಟು ಬಂದವರಿಗೆ ಬಿಟ್ಟದ್ದೆಲ್ಲ ಬಂಗಾರವಾಗಿ ಕಾಣುವುದು ಸಹಜವೆಂದು ಬೇಕಾದರೆ ಹೇಳಿಕೊಳ್ಳೋಣ. ಅಂಬಾಸಿಡರ್ ತಯಾರಿಕೆ ಉತ್ತರಪಾಡಾದಲ್ಲಿ 2014ರ ಮೇ ತಿಂಗಳಲ್ಲಿ ನಿಂತ ಮೇಲೆ ಆ ಬಂಗಾರಕ್ಕೆ ಇನ್ನಷ್ಟು ಬೆಲೆ ಬಂದಿದೆ.

ಕಳೆದ ವಾರ ನಿವೃತ್ತರಾಗಿ ಜತ್ತದ ಹಳ್ಳಿಯಲ್ಲಿರುವ ಚಾಲಕರಿಗೆ ದೂರವಾಣಿ ಮಾಡಿ, ಇಪ್ಪತ್ತು ವರ್ಷ ತಡವಾಗಿ, ಯಾವ ಗೇರು ಒಳ್ಳೆಯದಿತ್ತೆಂದು ಕೇಳಿದೆವು. ಅವರು ನಕ್ಕರು. ಎಡ ಹೆಗಲು ಈಗಲೂ ಮೇಲಕ್ಕೆ ಏಳುವುದಿಲ್ಲ ಸಾಹೇಬರೇ ಎಂದರು. ಆಮೇಲೆ, ಆ ಹಳೆಯ ಗಾಡಿಯ ಎರಡನೆಯ ಗೇರು ಸರಿಯಾಗಿ ಬಿದ್ದಾಗ ಕೈಗೆ ಒಂದು ಸುಖವಿತ್ತು, ಅದೂ ನಿಜ ಎಂದು ಸೇರಿಸಿದರು. ಆ ಸುಖದ ಮಾತನ್ನು ಅವರ ಬಾಯಿಂದ ಕೇಳಿದಾಗ ನಾವು ಒಪ್ಪಿದೆವು.

ಕೂಟದ ಹಿರಿಯರಲ್ಲಿ ಒಂದು ವಿನಂತಿ. ಮುಂದಿನ ಸಭೆಗೆ ಮುನ್ನ ಒಂದು ದಿನ, ಭಾನುವಾರ ಬೇಡ, ಕೆಲಸದ ದಿನ, ತಮ್ಮ ಗಾಡಿಯಲ್ಲಿ ಖಂಬಾಟಕಿ ಏರೋಣ. ಚಾಲನೆ ತಮ್ಮದು. ನಾವು ಮುಂದಿನ ಬೆಂಚಿನಲ್ಲಿ ಕೂರುತ್ತೇವೆ.