ಕಣ್ಣಿಗೆ ಕಾಣದ ಬಿರುಕು

ತಂತಿಯೊಂದನ್ನು ಅತ್ತಿತ್ತ ಪದೇ ಪದೇ ಬಗ್ಗಿಸಿದರೆ ಅದು ತುಂಡಾಗುವುದನ್ನು ವಿದ್ಯಾರ್ಥಿಗಳೆಲ್ಲರೂ ಕಂಡಿರಬಹುದು. ಲೋಹಕ್ಕೂ ದಣಿವುಂಟು. ವಿಮಾನವು ಮೇಲೇರಿದಾಗಲೆಲ್ಲ ಒಳಗಿನ ಗಾಳಿಯ ಒತ್ತಡದಿಂದ ಅದರ ಒಡಲು ತುಸು ಹಿಗ್ಗುತ್ತದೆ; ಇಳಿದಾಗ ಕುಗ್ಗುತ್ತದೆ. ಆದುದರಿಂದ ಅದರ ವಯಸ್ಸನ್ನು ವರ್ಷಗಳಲ್ಲಿ ಎಣಿಸಿದರೆ ಸಾಲದು; ಹಾರಾಟಗಳಲ್ಲಿಯೂ ಎಣಿಸಬೇಕು.

1988ರ ಏಪ್ರಿಲ್ 28ರಂದು ಹವಾಯಿ ದ್ವೀಪಗಳ ನಡುವೆ ಹಾರುತ್ತಿದ್ದ ಅಲೋಹಾ ಸಂಸ್ಥೆಯ ಬೋಯಿಂಗ್ 737 ವಿಮಾನದ ಮೇಲ್ಹೊದಿಕೆಯು 24,000 ಅಡಿ ಎತ್ತರದಲ್ಲಿ ಸುಮಾರು 18 ಅಡಿ ಉದ್ದಕ್ಕೆ ಕಿತ್ತುಹೋಯಿತು. ಗಗನಸಖಿಯೊಬ್ಬರು ಅಸುನೀಗಿದರು. 19 ವರ್ಷಗಳ ಆ ವಿಮಾನವು 89,000ಕ್ಕೂ ಹೆಚ್ಚು ಹಾರಾಟಗಳನ್ನು ಕಂಡಿತ್ತು. ತಪಾಸಣೆಗಳು ನಡೆದಿದ್ದರೂ ದಣಿವಿನ ಬಿರುಕುಗಳು ಕಣ್ತಪ್ಪಿದ್ದವೆಂದು ತನಿಖೆಯಿಂದ ತಿಳಿದುಬಂದಿತು.

ಸಾಮಾನ್ಯವಾಗಿ 6ರಿಂದ 10 ವರ್ಷಗಳಿಗೊಮ್ಮೆ ನಡೆಯುವ ಭಾರಿ ತಪಾಸಣೆಯಲ್ಲಿ ಆಸನಗಳನ್ನೂ ಒಳಹೊದಿಕೆಗಳನ್ನೂ ಕಳಚಿ, ಒಡಲನ್ನು ಬಯಲುಮಾಡಿ, ಬರಿಗಣ್ಣಿಗೆ ಕಾಣದ ಬಿರುಕುಗಳನ್ನು ಉಪಕರಣಗಳ ನೆರವಿನಿಂದ ಅರಸುತ್ತಾರೆ. ಅದಕ್ಕಾಗಿ ವಿಮಾನವು ವಾರಗಟ್ಟಲೆ ಸಂಪಾದನೆಯಿಲ್ಲದೆ ನಿಲ್ಲುತ್ತದೆ. ಚೆನ್ನಾಗಿ ಹಾರುತ್ತಿರುವುದನ್ನು ಬಿಚ್ಚುವುದೇಕೆಂದು ಕೇಳುವವರೂ ಉಂಟು. ಬಿರುಕು ತಾನಾಗಿ ಹೊರಗೆ ಕಾಣುವವರೆಗೆ ಕಾಯ್ದು ಉಳಿಸಿದ ಹಣವು ಉಳಿತಾಯವೆನಿಸದು. ಅದು ಪ್ರಯಾಣಿಕರ ಹೆಸರಿನಲ್ಲಿ ಮಾಡಿದ ಸಾಲ.

ಆದರೆ ಪಟ್ಟಿಯಲ್ಲಿ ಗುರುತು ಹಾಕಿದ ಮಾತ್ರಕ್ಕೆ ತಪಾಸಣೆ ಮುಗಿಯಿತೆಂದು ತಿಳಿಯಲಾಗದು. ಅವಸರವಿಲ್ಲದೆ ಪರೀಕ್ಷಿಸುವ ಸಮಯವನ್ನೂ, ‘ಈ ವಿಮಾನ ಇಂದು ಹಾರಕೂಡದು’ ಎಂದು ಹೇಳುವ ಅಧಿಕಾರವನ್ನೂ ತಂತ್ರಜ್ಞನಿಗೆ ಕೊಡಬೇಕು. ಅವನ ದುಡಿಮೆ ಸಫಲವಾದ ದಿನ ಏನೂ ಸಂಭವಿಸುವುದಿಲ್ಲ. ಆದ್ದರಿಂದಲೇ ಅದರ ಬೆಲೆಯನ್ನು ನಾವು ಮರೆಯಬಾರದು.