ಸೊಂಟದ ಪಿಸ್ತೂಲು: ತೋರಿಸತಕ್ಕದ್ದೋ, ಮರೆಸತಕ್ಕದ್ದೋ?

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಪಿಸ್ತೂಲಿನ ಪರವಾನಗಿಯುಳ್ಳ ನಾಗರಿಕನು ಅದನ್ನು ಎಲ್ಲರ ಕಣ್ಣಿಗೂ ಬೀಳುವಂತೆ ಸೊಂಟಕ್ಕೆ ಕಟ್ಟಿಕೊಂಡು ಬೀದಿಯಲ್ಲಿ ನಡೆಯಬಹುದೆ, ಅಥವಾ ಅಂಗಿಯ ಮರೆಯಲ್ಲಿಯೇ ಒಯ್ಯತಕ್ಕದ್ದೆ ಎಂಬ ವಾದವು ಪುನಃ ಕಾವೇರಿದೆ. 2025ರ ಸೆಪ್ಟೆಂಬರಿನಲ್ಲಿ ಫ್ಲಾರಿಡಾ ಸಂಸ್ಥಾನದ ಒಂದು ಅಪೀಲು ನ್ಯಾಯಾಲಯವು, ಬಹಿರಂಗ ಶಸ್ತ್ರಧಾರಣವನ್ನು 1987ರಿಂದ ನಿಷೇಧಿಸಿದ್ದ ಕಾಯಿದೆಯು ರಾಜ್ಯಘಟನೆಗೆ ವಿರುದ್ಧವಾದುದೆಂದು ತೀರ್ಪಿತ್ತಿತು. ಇದೇ ಕಾಯಿದೆಯನ್ನು ಅದೇ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಎತ್ತಿಹಿಡಿದಿತ್ತೆಂಬುದನ್ನು ನೆನೆದರೆ, ಆ ದೇಶದಲ್ಲಿ ಈ ಪ್ರಶ್ನೆಯು ಎಷ್ಟು ಬೇಗ ಮಗ್ಗುಲು ಬದಲಿಸುತ್ತಿದೆಯೆಂಬುದು ವಾಚಕರಿಗೆ ಗೋಚರವಾಗದಿರದು. ಡಲ್ಲಾಸ್, ಹ್ಯೂಸ್ಟನ್ ಮೊದಲಾದ ನಗರಗಳಲ್ಲಿ ನಮ್ಮ ನಾಡಿನ ಎಷ್ಟೋ ಕುಟುಂಬಗಳು ನೆಲಸಿರುವುವು; ಅವರು ತರಕಾರಿ ಕೊಳ್ಳಲು ಹೋಗುವ ಅಂಗಡಿಯ ಬಾಗಿಲಲ್ಲಿಯೇ ಈ ವಾದವು ಬಂದು ನಿಂತಿದೆ. ಶಸ್ತ್ರದ ಕಾಯಿದೆಯೆಂದರೇನೆಂಬುದನ್ನು ಪರರ ಆಳಿಕೆಯಲ್ಲಿ ಅನುಭವಿಸಿ ಅರಿತ ನಮ್ಮ ಜನರು ಇದನ್ನು ಪರದೇಶದ ಮನೆಜಗಳವೆಂದು ತಳ್ಳಿಹಾಕಲಾಗದು.

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಈ ವಾದದ ಮುಖವು ಇಂದಿನದಕ್ಕೆ ಸರಿಯಾಗಿ ವಿಪರೀತವಾಗಿದ್ದಿತು. ಶಸ್ತ್ರವನ್ನು ತೋರಿಸಿ ನಡೆಯುವವನು ಪ್ರಾಮಾಣಿಕನು, ಮರೆಸಿಕೊಂಡು ನಡೆಯುವವನು ಹೊಂಚುಗಾರನು ಎಂಬುದೇ ಆಗಿನ ಲೋಕಾಭಿಪ್ರಾಯ. ಕೆಂಟಕಿ ಮತ್ತು ಲೂಯಿಸಿಯಾನಾ ಸಂಸ್ಥಾನಗಳು 1813ರಷ್ಟು ಹಿಂದೆಯೇ ಗುಪ್ತಶಸ್ತ್ರವನ್ನು ನಿಷೇಧಿಸಿದುವು. ಕೆಂಟಕಿಯ ನ್ಯಾಯಾಲಯವು 1822ರಲ್ಲಿ ಆ ನಿಷೇಧವನ್ನು ರದ್ದುಪಡಿಸಲು, ಅಲ್ಲಿಯ ಜನರು 1850ರ ತಮ್ಮ ಹೊಸ ರಾಜ್ಯಘಟನೆಯಲ್ಲಿಯೇ ಗುಪ್ತಶಸ್ತ್ರವನ್ನು ತಡೆಯುವ ಅಧಿಕಾರವನ್ನು ಶಾಸನಸಭೆಗೆ ಬರೆದುಕೊಟ್ಟರು. ಜಾರ್ಜಿಯಾ ಸಂಸ್ಥಾನದ ನ್ಯಾಯಾಧೀಶರು 1846ರಲ್ಲಿ, ಅಡಗಿಸಿ ಒಯ್ಯುವುದನ್ನು ಸರಕಾರವು ತಡೆಯಬಹುದು, ತೋರಿಸಿ ಒಯ್ಯುವುದನ್ನು ತಡೆಯಲಾಗದು ಎಂದು ನಿರ್ಣಯಿಸಿದರು. ದೇಶದ ಸರ್ವೋಚ್ಚ ನ್ಯಾಯಾಲಯವೂ 1897ರಲ್ಲಿ ಗುಪ್ತಧಾರಣದ ನಿಷೇಧವು ಹಕ್ಕಿಗೆ ಭಂಗವಲ್ಲವೆಂದು ಹೇಳಿತು.

ಆ ಕಾಲದ ಊರುಗಳನ್ನು ಕಣ್ಣಮುಂದೆ ತಂದುಕೊಂಡರೆ ಈ ಅಭಿಪ್ರಾಯದ ಕಾರಣವು ತಿಳಿಯುವುದು. ಊರು ಚಿಕ್ಕದು, ಪ್ರತಿಯೊಬ್ಬನೂ ಪ್ರತಿಯೊಬ್ಬನನ್ನು ಬಲ್ಲನು, ಸೊಂಟದಲ್ಲಿ ಕಾಣುವ ಪಿಸ್ತೂಲು ಯಾರದು, ಆತನ ಸ್ವಭಾವವೇನು ಎಂಬುದು ನೋಡುವವನಿಗೆ ಗೊತ್ತು. ನಮ್ಮ ಕೊಡಗಿನಲ್ಲಿಯೂ ಇಂಥ ತಿಳಿವಳಿಕೆಯೇ ಇದೆ. 1861ರಿಂದ ಶಸ್ತ್ರದ ಕಾಯಿದೆಯಿಂದ ವಿನಾಯಿತಿ ಪಡೆದ ಕೊಡವರು ಕೈಲ್‌ಪೊಳ್ದಿನಂದು ಕೋವಿಯನ್ನು ಪೂಜಿಸುವರು. ಗಂಡುಮಗು ಹುಟ್ಟಿದಾಗ ಒಂದು, ಮರಣವಾದಾಗ ಎರಡು ಗುಂಡು ಹಾರಿಸುವರು. ಅಲ್ಲಿ ಕೋವಿಯ ದರ್ಶನದಿಂದ ನೆರೆಯವನಿಗೆ ಭಯವಿಲ್ಲ, ಏಕೆಂದರೆ ಆ ಕೋವಿಯ ಅರ್ಥವನ್ನು ಆತನು ಬಲ್ಲನು. ಹ್ಯೂಸ್ಟನ್ನಿನ ದೊಡ್ಡ ಮಳಿಗೆಯೊಂದರಲ್ಲಿ ಹೆಸರರಿಯದವನ ಸೊಂಟದಲ್ಲಿ ಕಾಣುವ ಪಿಸ್ತೂಲಿಗೆ ಅಂಥ ಅರ್ಥವಾವುದೂ ಇಲ್ಲ. ಪರವಾನಗಿಯುಳ್ಳ ಸಜ್ಜನನೋ, ಇನ್ನು ಐದು ನಿಮಿಷದಲ್ಲಿ ಗುಂಡು ಹಾರಿಸಲಿರುವವನೋ, ನೋಡುವವರಿಗೆ ಗೊತ್ತಾಗುವ ಬಗೆ ಯಾವುದು? ಪುರಾತನ ಪದ್ಧತಿಯನ್ನೇ ಪ್ರಮಾಣವೆಂದು ಹಿಡಿಯುವ ನ್ಯಾಯಾಲಯಗಳು ಈ ವ್ಯತ್ಯಾಸವನ್ನು ಗಣನೆಗೆ ತಂದಿಲ್ಲವೆಂದೇ ನಮ್ಮ ಆಕ್ಷೇಪಣೆ.

ಟೆಕ್ಸಾಸಿನ ಚರಿತ್ರೆಯು ಈ ವಿಷಯದಲ್ಲಿ ಬಹಳ ಬೋಧಕವಾದುದು. ನಾಟಕ ಸಿನೇಮಾಗಳಲ್ಲಿ ಪಿಸ್ತೂಲಿನ ತವರುಮನೆಯೆನಿಸಿದ ಈ ಸಂಸ್ಥಾನವೇ 1871ರಲ್ಲಿ ಪಿಸ್ತೂಲು ಹೊತ್ತು ತಿರುಗುವುದನ್ನು ನಿಷೇಧಿಸಿತ್ತೆಂದರೆ ಅನೇಕರಿಗೆ ಆಶ್ಚರ್ಯವಾದೀತು. 1991ರ ಅಕ್ಟೋಬರಿನಲ್ಲಿ ಕಿಲೀನ್ ಎಂಬ ಊರಿನ ಭೋಜನಶಾಲೆಗೆ ನುಗ್ಗಿದ ಕೊಲೆಗಡುಕನೊಬ್ಬನು 23 ಜನರನ್ನು ಕೊಂದನು. ಅಲ್ಲಿ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡ ಶ್ರೀಮತಿ ಸುಜಾನಾ ಹಪ್ಪರು, ಕಾಯಿದೆಗೆ ಅಂಜಿ ತಮ್ಮ ಪಿಸ್ತೂಲನ್ನು ಮೋಟಾರಿನಲ್ಲಿಯೇ ಬಿಟ್ಟು ಬಂದಿದ್ದರು. ಅವರು ಮುಂದೆ ಶಾಸನಸಭೆಯ ಸದಸ್ಯರೇ ಆದರು. ಆ ಹೆಣ್ಣುಮಗಳ ಮಾತಿಗೆ ಉತ್ತರ ಕೊಡುವುದು ಸುಲಭವಲ್ಲ. ಕೊಡಬಲ್ಲೆವೆಂದು ನಾವು ಬಡಾಯಿ ಕೊಚ್ಚುವುದಿಲ್ಲ. ಗವರ್ನರ್ ಆ್ಯನ್ ರಿಚರ್ಡ್ಸರು 1993ರಲ್ಲಿ ತಡೆದ ಮಸೂದೆಗೆ ಅವರ ತರುವಾಯ ಬಂದ ಗವರ್ನರ್ ಜಾರ್ಜ್ ಬುಷ್ಷರು 1995ರಲ್ಲಿ ಅಂಕಿತ ಹಾಕಿದರು. ಪಾಠ ಕೇಳಿ, ಗುರಿಯ ಪರೀಕ್ಷೆ ಕೊಟ್ಟು ಪರವಾನಗಿ ಪಡೆದವನು ಪಿಸ್ತೂಲನ್ನು ಒಯ್ಯಬಹುದು, ಆದರೆ ಮರೆಸಿಯೇ ಒಯ್ಯತಕ್ಕದ್ದು ಎಂಬುದು ಅದರ ನಿಯಮ. ಇಪ್ಪತ್ತು ವರ್ಷ ಈ ಏರ್ಪಾಡು ನಡೆಯಿತು. 2016ರ ಜನವರಿ 1ರಿಂದ ಪರವಾನಗಿಯುಳ್ಳವನು ನಡುಪಟ್ಟಿಯ ಅಥವಾ ಹೆಗಲಿನ ಒರೆಯಲ್ಲಿ ತೋರಿಸಿಯೂ ಒಯ್ಯಬಹುದೆಂದಾಯಿತು. 2021ರ ಸೆಪ್ಟೆಂಬರ್ 1ರಿಂದ ಪರವಾನಗಿಯೇ ಬೇಡವೆಂದಾಯಿತು.

ಬಹಿರಂಗಧಾರಣವು ಜಾರಿಗೆ ಬಂದೊಡನೆ ಅಂಗಡಿಕಾರರಿಗೆ ಒದಗಿದ ಫಜೀತಿಯನ್ನು ಹೇಳದಿರಲಾರೆವು. ತನ್ನ ಜಾಗದಲ್ಲಿ ಗುಪ್ತಶಸ್ತ್ರವು ಬೇಡವೆನ್ನುವ ಮಾಲಿಕನು 30.06 ಎಂಬ ಕಲಮಿನ ಫಲಕವನ್ನೂ, ಬಹಿರಂಗಶಸ್ತ್ರವು ಬೇಡವೆನ್ನುವವನು 30.07ರ ಫಲಕವನ್ನೂ ತೂಗಹಾಕತಕ್ಕದ್ದು. ಎರಡೂ ಬೇಡವಾದವನು ಎರಡನ್ನೂ ತೂಗಹಾಕತಕ್ಕದ್ದು. ಇಂಗ್ಲಿಷಿನಲ್ಲಿಯೂ ಸ್ಪ್ಯಾನಿಷಿನಲ್ಲಿಯೂ, ಅಂಗುಲಕ್ಕೆ ಕಡಿಮೆಯಿಲ್ಲದ ಎತ್ತರದ ಅಕ್ಷರಗಳಲ್ಲಿ, ಕಾಯಿದೆಯ ವಾಕ್ಯವನ್ನು ಹಾಗೆಯೇ ಬರೆಯಿಸತಕ್ಕದ್ದು. ಬಾಗಿಲ ಗಾಜು ಕಾಯಿದೆಯಿಂದಲೇ ಮುಚ್ಚಿಹೋದ ಮೇಲೆ ಒಳಗೆ ಏನು ಮಾರುತ್ತಾರೆಂಬುದು ಗಿರಾಕಿಗೆ ಕಾಣುವ ಬಗೆಯೆಂತೋ! ಶಸ್ತ್ರವನ್ನು ತರುವವನ ಮೇಲೆ ಇರಬೇಕಾದ ಭಾರವು ಬೇಡವೆನ್ನುವವನ ಮೇಲೆ ಬಂದು ಬಿದ್ದಿತೆಂಬುದೇ ಇದರಲ್ಲಿ ಗಮನಿಸತಕ್ಕ ಅಂಶ. ದೇಶವ್ಯಾಪಿಯಾದ ವಾಲ್‌ಮಾರ್ಟ್ ಮಳಿಗೆಗಳವರು, ಎಲ್ ಪ್ಯಾಸೋ ನಗರದ ತಮ್ಮ ಮಳಿಗೆಯಲ್ಲಿ ನಡೆದ ಹತ್ಯಾಕಾಂಡದ ತರುವಾಯ, 2019ರ ಸೆಪ್ಟೆಂಬರಿನಲ್ಲಿ, ಶಸ್ತ್ರವನ್ನು ತೋರಿಸುತ್ತ ಒಳಗೆ ಬರಬೇಡಿರೆಂದು ಗಿರಾಕಿಗಳನ್ನು ಬೇಡಿಕೊಂಡರು. ಪರವಾನಗಿಯುಳ್ಳವರು ಮರೆಸಿ ತರುವುದಕ್ಕೆ ಅವರು ಅಡ್ಡಿಮಾಡಲಿಲ್ಲ. ವ್ಯಾಪಾರಿಯ ಬುದ್ಧಿಯು ಇಲ್ಲಿ ಶಾಸನಕಾರರ ಬುದ್ಧಿಗಿಂತ ಚುರುಕಾಗಿದ್ದಿತು.

ಬಹಿರಂಗಧಾರಣದ ಪಕ್ಷದವರು ಹೇಳುವುದರಲ್ಲಿ ಹುರುಳಿಲ್ಲವೆಂದಲ್ಲ. ಕಾಣುವ ಶಸ್ತ್ರವು ಕಳ್ಳನನ್ನು ದೂರವಿಡುವುದೆಂದು ಅವರು ಹೇಳುವರು. ಬೇಸಗೆಯ ಬಿಸಿಲಿನಲ್ಲಿ ಪಿಸ್ತೂಲು ಮುಚ್ಚಲೆಂದೇ ಕೋಟು ತೊಡಬೇಕೆ, ಗಾಳಿಗೆ ಅಂಗಿ ಹಾರಿ ಒರೆ ಕಂಡಿತೆಂದರೆ ಸಜ್ಜನನು ಅಪರಾಧಿಯಾಗಬೇಕೆ ಎಂದು ಕೇಳುವರು. ಕೊನೆಯ ಮಾತು ನ್ಯಾಯವಾದುದು. ಫ್ಲಾರಿಡಾದವರು 2011ರಲ್ಲಿಯೇ ತಮ್ಮ ಕಾಯಿದೆಯನ್ನು ತಿದ್ದಿ, ಕ್ಷಣಕಾಲ ಕಂಡ ಮಾತ್ರಕ್ಕೆ ಅಪರಾಧವಾಗದೆಂದು ಗೊತ್ತುಪಡಿಸಿದ್ದರು, ಅಷ್ಟು ಸಾಕಾಗಿದ್ದಿತು. ಕಳ್ಳನ ವಿಷಯಕ್ಕೆ ಬಂದರೆ, ತೋರುವ ಪಿಸ್ತೂಲು ಆತನಿಗೆ ಮೊದಲು ಯಾರನ್ನು ಕೆಡಹಬೇಕೆಂಬ ಸೂಚನೆಯೂ ಆಗಬಲ್ಲುದು. ಡಲ್ಲಾಸಿನಲ್ಲಿ 2016ರ ಜುಲೈ 7ರಂದು ಮೆರವಣಿಗೆಯ ನಡುವೆ ಐವರು ಪೋಲೀಸರು ಕೊಲೆಯಾದ ರಾತ್ರಿ, ಕಾಯಿದೆಗೆ ಅನುಸಾರವಾಗಿ ಬಂದೂಕನ್ನು ಹೆಗಲಿಗೇರಿಸಿಕೊಂಡು ಬಂದಿದ್ದ ನಿರಪರಾಧಿಯೊಬ್ಬನ ಚಿತ್ರವನ್ನು ಪೋಲೀಸರೇ ಸಂಶಯಿತನದೆಂದು ಪ್ರಕಟಿಸಿಬಿಟ್ಟರು. ಬಂದೂಕುಗಳು ನೆರೆದ ಕಡೆ ಗುಂಡು ಹಾರಿತೆಂದರೆ, ಹಾರಿಸಿದವನಾರೆಂದು ವಿವೇಚಿಸಲು ಕಾಪಿನವರಿಗೆ ಸಾಧ್ಯವಿಲ್ಲ.

ಇದಕ್ಕಿಂತಲೂ ಗುರುತರವಾದುದು ಜನಸಭೆಗಳ ವಿಷಯ. 2020ರ ಏಪ್ರಿಲ್ 30ರಂದು ಮಿಶಿಗನ್ ಸಂಸ್ಥಾನದ ರಾಜಧಾನಿಯಾದ ಲ್ಯಾನ್ಸಿಂಗಿನಲ್ಲಿ, ಸಾಂಕ್ರಾಮಿಕ ರೋಗದ ನಿರ್ಬಂಧಗಳನ್ನು ಪ್ರತಿಭಟಿಸುವವರು ಬಂದೂಕುಗಳನ್ನು ಹಿಡಿದು ಶಾಸನಸಭೆಯ ಭವನವನ್ನು ಹೊಕ್ಕು, ಸೆನೆಟಿನ ಮೇಲಿನ ಪ್ರೇಕ್ಷಕರ ಮಜಲಿನಲ್ಲಿ ನಿಂತರು. ಕೆಳಗೆ ಪ್ರಜಾಪ್ರತಿನಿಧಿಗಳು ಮತ ಕೊಡುವುದು, ಮೇಲೆ ಕೋವಿಗಳು ನೋಡುತ್ತ ನಿಲ್ಲುವುದು! ಅವರು ಕಾಯಿದೆಯನ್ನು ಮುರಿಯಲಿಲ್ಲ. ಕಾಯಿದೆಯೇ ಅದಕ್ಕೆ ಎಡೆಗೊಟ್ಟಿತ್ತು. 2021ರ ಜನವರಿಯಲ್ಲಿ ಆ ಭವನದ ಆಡಳಿತಮಂಡಲಿಯು ಬಹಿರಂಗಶಸ್ತ್ರವನ್ನು ಅಲ್ಲಿ ನಿಷೇಧಿಸಿತು. ಪರವಾನಗಿಯುಳ್ಳವರ ಗುಪ್ತಶಸ್ತ್ರವನ್ನು ಮಾತ್ರ ಬಿಟ್ಟಿತು. 2023ರಲ್ಲಿ ನಿಷೇಧವು ಮತ್ತಷ್ಟು ಬಿಗಿಯಾಯಿತು.

ಇದನ್ನು ಕ್ಯಾಲಿಫೋರ್ನಿಯಾದಲ್ಲಿ ನಡೆದುದರೊಡನೆ ಹೋಲಿಸಿರಿ. ಕಪ್ಪು ಜನಾಂಗದ ‘ಬ್ಲ್ಯಾಕ್ ಪ್ಯಾಂಥರ್’ ಪಕ್ಷದವರು, ಆಗಲೇ ಮಂಡಿತವಾಗಿದ್ದ ಮಲ್ಫೋರ್ಡರ ಮಸೂದೆಯನ್ನು ವಿರೋಧಿಸಲೆಂದು, 1967ರ ಮೇ 2ರಂದು ಬಂದೂಕುಗಳೊಡನೆ ಸ್ಯಾಕ್ರಮೆಂಟೋ ನಗರದ ಶಾಸನಸಭೆಗೆ ಬಂದರು. ತುಂಬಿದ ಬಂದೂಕನ್ನು ಬಹಿರಂಗ ಸ್ಥಳದಲ್ಲಿ ಒಯ್ಯಬಾರದೆಂಬ ಆ ಮಸೂದೆಗೆ ಗವರ್ನರ್ ರೊನಾಲ್ಡ್ ರೀಗನ್ನರ ಅಂಕಿತವು ಬೀಳಲು ಮೂರು ತಿಂಗಳೂ ಹಿಡಿಯಲಿಲ್ಲ. ಲ್ಯಾನ್ಸಿಂಗಿನಲ್ಲಿ ಬರಿಯ ಒಂದು ಕಟ್ಟಡದ ನಿಯಮವು ಬದಲಾಗಲು ಎಂಟು ತಿಂಗಳು ಬೇಕಾಯಿತು. ಪಿಸ್ತೂಲು ಕಾಣುವುದೋ ಕಾಣದೋ ಎಂಬುದಕ್ಕಿಂತ ಅದು ಯಾರ ಸೊಂಟದಲ್ಲಿ ಕಾಣುವುದು ಎಂಬುದೇ ಆ ದೇಶದಲ್ಲಿ ಹೆಚ್ಚಿನ ಪ್ರಶ್ನೆಯಾಗಿದೆ.

ಮರೆಸಿದ ಮಾತ್ರಕ್ಕೆ ಈ ಕಂಟಕವು ತಪ್ಪುವುದೆ? ತಪ್ಪದೆಂಬುದಕ್ಕೆ ಫಿಲಾಂಡೋ ಕ್ಯಾಸ್ಟೀಲರ ಮರಣವೇ ಸಾಕ್ಷಿ. ಮಿನಿಸೋಟ ಸಂಸ್ಥಾನದ ಒಂದು ಶಾಲೆಯ ಭೋಜನಾಲಯದ ಮೇಲ್ವಿಚಾರಕರಾಗಿದ್ದ ಈ ಕಪ್ಪು ಗೃಹಸ್ಥರಲ್ಲಿ ಸಂಸ್ಥಾನವೇ ಕೊಟ್ಟ ಪರವಾನಗಿಯಿದ್ದಿತು. 2016ರ ಜುಲೈ 6ರಂದು ಪೋಲೀಸನೊಬ್ಬನು ಅವರ ಮೋಟಾರನ್ನು ತಡೆದನು. ಅಲ್ಲಿಯ ಕಾಯಿದೆಯಂತೆ ಅಧಿಕಾರಿಯು ಕೇಳಿದರೆ ಮಾತ್ರ ಶಸ್ತ್ರದ ವಿಷಯವನ್ನು ತಿಳಿಸತಕ್ಕದ್ದು. ಕ್ಯಾಸ್ಟೀಲರು ಕೇಳದೆಯೇ, ನನ್ನಲ್ಲಿ ಪಿಸ್ತೂಲಿದೆಯೆಂದು ಮರ್ಯಾದೆಯಿಂದ ತಿಳಿಸಿದರು. ಮರುಕ್ಷಣದಲ್ಲಿ ಏಳು ಗುಂಡುಗಳು ಹಾರಿದುವು. ಗಾಡಿಯಲ್ಲಿ ಅವರ ಸಂಗಾತಿಯೂ ಆಕೆಯ ನಾಲ್ಕು ವರ್ಷದ ಮಗಳೂ ಇದ್ದರು. 2017ರ ಜೂನಿನಲ್ಲಿ ಆ ಪೋಲೀಸನು ನಿರ್ದೋಷಿಯೆಂದು ಬಿಡುಗಡೆಯಾದನು. ಸರಕಾರವು ಕೊಟ್ಟ ಕಾಗದವನ್ನು ಸರಕಾರದ ಸೇವಕನೇ ನಂಬದಿದ್ದರೆ ಆ ಕಾಗದದ ಬೆಲೆಯೇನು? ಶಸ್ತ್ರಸ್ವಾತಂತ್ರ್ಯಕ್ಕಾಗಿ ಗಂಟಲು ಹರಿಯುವಂತೆ ಕೂಗುವ ಅಲ್ಲಿಯ ದೊಡ್ಡ ಸಂಘಗಳಿಂದ ಈ ಪ್ರಸಂಗದಲ್ಲಿ ಹೊರಟ ದನಿಯು ಬಹು ಕ್ಷೀಣವಾಗಿದ್ದಿತು.

ಪರವಾನಗಿಯೆಂಬುದು ಅಧಿಕಾರಿಯ ಪ್ರಸಾದವಾಗಬಾರದೆಂಬುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. 1878ರ ಕಾಯಿದೆಯ ಕೆಳಗೆ ಯುರೋಪಿಯನ್ನರಿಗೆ ವಿನಾಯಿತಿ, ಈ ನೆಲದ ಮಕ್ಕಳಿಗೆ ಜಿಲ್ಲಾಧಿಕಾರಿಯ ಕೃಪೆ ಎಂಬ ಅಪಮಾನವನ್ನು ನಮ್ಮ ಹಿರಿಯರು ಉಂಡವರು. ಆದುದರಿಂದಲೇ 1931ರ ಕರಾಚಿ ಕಾಂಗ್ರೆಸ್ಸಿನ ಠರಾವಿನಲ್ಲಿ ನಿಯಮಗಳಿಗೆ ಒಳಪಟ್ಟು ಶಸ್ತ್ರವನ್ನಿಟ್ಟುಕೊಳ್ಳುವ ಹಕ್ಕನ್ನು ಸೇರಿಸಲಾಯಿತು. ಮಂಗಳೂರಿನಲ್ಲಿ ಜನಿಸಿದ ಶ್ರೀ ಎಚ್. ವಿ. ಕಾಮತರು 1948ರ ಡಿಸೆಂಬರಿನಲ್ಲಿ ಅದನ್ನು ನಮ್ಮ ರಾಜ್ಯಘಟನೆಯಲ್ಲಿಯೂ ಸೇರಿಸಬೇಕೆಂದು ವಾದಿಸಿದರು. ಹಕ್ಕೆಂದ ಮೇಲೆ ಅದು ದುಷ್ಟರಿಗೂ ದೊರೆಯುವುದೆಂದು ಡಾ. ಅಂಬೇಡ್ಕರರು ಅದನ್ನು ವಿರೋಧಿಸಿದರು. ಕೊನೆಗೆ ನಮ್ಮ ಘಟನೆಯಲ್ಲಿ ನಿಂತುದು ಶಾಂತರಾಗಿ, ನಿರಾಯುಧರಾಗಿ ಸಭೆ ಸೇರುವ ಹಕ್ಕು. ‘ನಿರಾಯುಧರಾಗಿ’ ಎಂಬ ಆ ಒಂದು ಶಬ್ದವಿದ್ದಿದ್ದರೆ ಲ್ಯಾನ್ಸಿಂಗಿನ ಮಜಲಿನಲ್ಲಿ ನೋಡುಗರು ಮಾತ್ರ ಇರುತ್ತಿದ್ದರು. ನ್ಯೂಯಾರ್ಕಿನ 1911ರ ಕಾಯಿದೆಯಂತೆ ಅರ್ಜಿದಾರನು ತನಗೆ ವಿಶೇಷ ಕಾರಣವುಂಟೆಂದು ಅಧಿಕಾರಿಯನ್ನು ಒಪ್ಪಿಸಬೇಕಾಗಿದ್ದಿತು. 2022ರ ಜೂನಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆರು ಮಂದಿ ನ್ಯಾಯಾಧೀಶರ ಬಹುಮತದಿಂದ ಆ ಪದ್ಧತಿಯನ್ನು ತೊಡೆದುಹಾಕಿದುದಕ್ಕೆ ನಾವು ಕಣ್ಣೀರಿಡುವುದಿಲ್ಲ. ಆದರೆ ಆ ತೀರ್ಪು ಕೂಡ ಪರವಾನಗಿಯನ್ನೇ ಅಳಿಸಲಿಲ್ಲ; ಎಲ್ಲರಿಗೂ ಸಮವಾದ ನಿಯಮಗಳಿಂದ ಪರವಾನಗಿ ಕೊಡುವ ಸಂಸ್ಥಾನಗಳ ಪದ್ಧತಿಯನ್ನು ಅದು ಮುಟ್ಟಲಿಲ್ಲ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು. ಪಿಸ್ತೂಲು ಒಯ್ಯಲು ಅನುಮತಿಯನ್ನು ಕೊಡಲೇಬೇಕಾದ ಕಡೆ ಅದನ್ನು ಮರೆಸಿ ಒಯ್ಯುವುದೇ ಲೇಸು. ಆತ್ಮರಕ್ಷಣೆಗೆ ಬೇಕಾದುದು ಶಸ್ತ್ರವೇ ಹೊರತು ಅದರ ಪ್ರದರ್ಶನವಲ್ಲ. ಪ್ರದರ್ಶನವು ನೆರೆಯವನ ಮೇಲೆ ಹೇರುವ ಒತ್ತಾಯ. ಆದರೆ ನೆರೆಯವನ ಕಣ್ಣಿನಿಂದ ಮರೆಯಾದುದು ಸರಕಾರದ ದಫ್ತರದಿಂದಲೂ ಮರೆಯಾಗಲಾಗದು. ಒಯ್ಯುವವನ ಹೆಸರು, ಆತನು ಪಡೆದ ಶಿಕ್ಷಣ, ಆತನ ಪೂರ್ವಚರಿತ್ರೆ ಇವುಗಳ ದಾಖಲೆಯಿದ್ದರೆ ಮಾತ್ರ ಗುಪ್ತಧಾರಣವು ಸಹ್ಯವಾದೀತು. 2024ರ ವೇಳೆಗೆ 29 ಸಂಸ್ಥಾನಗಳು ಪರವಾನಗಿಯ ನಿರ್ಬಂಧವನ್ನೇ ಕಿತ್ತೊಗೆದುವು. ಅಲ್ಲಿ ಪಿಸ್ತೂಲು ನೆರೆಯವನಿಗೂ ಕಾಣದು, ಸರಕಾರಕ್ಕೂ ಕಾಣದು. ಫ್ಲಾರಿಡಾ 2023ರ ಜುಲೈಯಲ್ಲಿ ಈ ಗುಂಪನ್ನು ಸೇರಿತು. ಎರಡು ವರ್ಷಗಳ ತರುವಾಯ ಬಹಿರಂಗಧಾರಣದ ತಡೆಯೂ ಅಲ್ಲಿ ಬಿದ್ದುದರಿಂದ, ಪರೀಕ್ಷೆಯೂ ಪಾಠವೂ ಇಲ್ಲದವನು ಈಗ ಅದನ್ನು ತೋರಿಸಿಕೊಂಡು ಸಹ ತಿರುಗಬಹುದಾಗಿದೆ.

ಫ್ಲಾರಿಡಾದ ಶಾಸನಸಭೆಗೆ ಮಾಡಬಹುದಾದುದು ಇನ್ನೂ ಉಂಟು. ಮತಗಟ್ಟೆ, ನ್ಯಾಯಸ್ಥಾನ, ಶಾಲೆ, ಶಾಸನಸಭೆ ಇವುಗಳಲ್ಲಿ ಶಸ್ತ್ರವನ್ನು ತಡೆಯುವ ನಿಯಮಗಳನ್ನು ಸಡಿಲಿಸದಿರುವುದು ಅದರಲ್ಲಿ ಮೊದಲನೆಯದು. ಸಾರ್ವಜನಿಕ ಮೆರವಣಿಗೆಗಳಿಗೂ ಅಂಥ ನಿಯಮವನ್ನು ಆಲೋಚಿಸುವುದು ಎರಡನೆಯದು. ಮಿಶಿಗನ್ನಿನಲ್ಲಿ ಪರವಾನಗಿಯುಳ್ಳವನು ಪೋಲೀಸನು ಕೇಳದಿದ್ದರೂ ತಾನಾಗಿ ಶಸ್ತ್ರದ ಸಂಗತಿಯನ್ನು ತಿಳಿಸತಕ್ಕದ್ದೆಂಬ ಕಟ್ಟಳೆಯಿದೆ. ಅಂಥ ಕಟ್ಟಳೆಯುಳ್ಳ ಪ್ರತಿಯೊಂದು ಸಂಸ್ಥಾನವೂ, ತಿಳಿಸಿದವನೊಡನೆ ಪೋಲೀಸನು ಹೇಗೆ ನಡೆದುಕೊಳ್ಳತಕ್ಕದ್ದೆಂಬುದನ್ನು ಅದೇ ಪುಟದಲ್ಲಿ, ಅಷ್ಟೇ ಕಟ್ಟುನಿಟ್ಟಾಗಿ ಬರೆಯತಕ್ಕದ್ದು.