ಬಾಲದ ಕೆಳಗಿನ ಪ್ರಶ್ನೆ

ನೆಂಟರು ಬಂದು ಕಾಫಿ ಲೋಟ ಕೈಗೆತ್ತಿಕೊಳ್ಳುವ ಹೊತ್ತಿಗೇ ನಮ್ಮ ಚಿನ್ನಿಗೆ ಅದು ಶುರುವಾಗುತ್ತಿತ್ತು. ಹಿಂಗಾಲೆರಡನ್ನೂ ಮುಂದಕ್ಕೆ ಚಾಚಿ, ಕುಂಡಿಯನ್ನು ನೆಲಕ್ಕೊತ್ತಿ, ಮುಂಗಾಲಿನಿಂದ ತನ್ನನ್ನು ತಾನೇ ಎಳೆದುಕೊಳ್ಳುತ್ತ ಜಮಖಾನದ ಈ ತುದಿಯಿಂದ ಆ ತುದಿಗೆ ಸವಾರಿ. ‘ಹೊಟ್ಟೇಲಿ ಹುಳ ಆಗಿದೆ, ಔಷಧಿ ಹಾಕಿ’ ಎಂದು ಬಂದವರೆಲ್ಲ ಹೇಳಿದರು. ಹಾಕಿದ್ದಾಯಿತು, ಸವಾರಿ ನಿಲ್ಲಲಿಲ್ಲ. ಒಂದು ದಿನ ಅವಳು ಎದ್ದುಹೋದ ಸೋಫಾದ ಮೇಲೆ ಕೊಳೆತ ಮೀನಿನ ವಾಸನೆ ಹೊಡೆದಾಗಲೇ ಇದು ಹುಳದ ವಿಷಯವಲ್ಲ ಎಂದು ಹೊಳೆದದ್ದು.

ನಾಯಿಯ ಗುದದ್ವಾರವನ್ನು ಗಡಿಯಾರದ ಮುಖ ಎಂದುಕೊಂಡರೆ, 4 ಮತ್ತು 8ರ ಅಂಕಿ ಇರುವ ಕಡೆ ಚರ್ಮದೊಳಗೆ ಒಂದೊಂದು ಪುಟ್ಟ ಚೀಲವಿದೆ. ಅದರ ಗೋಡೆಯ ಗ್ರಂಥಿಗಳಿಂದ ಒಸರುವ ದ್ರವ ಸಣ್ಣ ನಾಳದ ಮೂಲಕ ಗುದದ ಅಂಚಿಗೆ ಬರುತ್ತದೆ. ಗಟ್ಟಿ ಮಲ ಹೊರಬೀಳುವಾಗ ಅದರ ಒತ್ತಡಕ್ಕೇ ಚೀಲ ಖಾಲಿಯಾಗುತ್ತದೆ. ಯಾರ ಕೈಯೂ ಬೇಕಿಲ್ಲ. ಎರಡು ನಾಯಿಗಳು ಎದುರಾದಾಗ ಬಾಲದ ಬುಡ ಮೂಸಿ ಪರಿಚಯ ಮಾಡಿಕೊಳ್ಳುವುದರಲ್ಲಿ ಈ ವಾಸನೆಯ ಪಾಲೂ ಇದೆ. ನಮಗೆ ಹೇಸಿಗೆ, ಅವಕ್ಕೆ ವಿಳಾಸ. ಹಾಗೆ ನೋಡಿದರೆ ನಮ್ಮ ಹೇಸಿಗೆಗೂ ಸ್ಥಿರವಾದ ನಿಯಮವಿಲ್ಲ. ಪುನುಗಿನ ಬೆಕ್ಕಿನ ಬಾಲದ ಕೆಳಗಿನ, ಬೇರೆಯದೇ ಆದ ಗ್ರಂಥಿಯಿಂದ ಬರುವ ಪುನುಗನ್ನು ತಿರುಮಲದ ವೆಂಕಟೇಶ್ವರನ ಮೂರ್ತಿಗೆ ಲೇಪಿಸುವವರು ನಾವೇ.

ಈ ಚೀಲ ಕಟ್ಟಿಕೊಂಡಾಗ ಅದನ್ನು ಮನೆಯಲ್ಲೇ ಹಿಂಡಬೇಕೇ ಎಂಬ ಪ್ರಶ್ನೆಗೆ ನಾಯಿ ಸಾಕಿದವರಲ್ಲಿ ಎರಡು ಪಂಗಡ. ‘ಛೀ, ಅದೆಲ್ಲ ಡಾಕ್ಟರ ಕೆಲಸ’ ಎನ್ನುವವರು ಒಂದು ಕಡೆ. ‘ಸ್ನಾನ ಮಾಡಿಸುವಾಗಲೆಲ್ಲ ಹಿಂಡಿಬಿಡಬೇಕು, ಉಗುರು ಕತ್ತರಿಸಿದ ಹಾಗೆ’ ಎನ್ನುವವರು ಇನ್ನೊಂದು ಕಡೆ. ಎರಡೂ ಉತ್ತರಗಳಲ್ಲಿ ಮನುಷ್ಯನೇ ಕಾಣುತ್ತಾನೆ: ಒಂದರಲ್ಲಿ ಅವನ ಮೂಗು, ಇನ್ನೊಂದರಲ್ಲಿ ಅವನ ಉತ್ಸಾಹ. ನಾಯಿ ಎರಡರಲ್ಲೂ ಇಲ್ಲ.

ಹೇಸಿಗೆಯ ವಾದ ಬೇಗ ಮುಗಿಯುವಂಥದ್ದು. ಕೂಸಿನ ಬಟ್ಟೆ ಬದಲಿಸುವ, ಹಾಸಿಗೆ ಹಿಡಿದ ಅಜ್ಜನ ಮೈ ಒರೆಸುವ ಮನೆಗಳಲ್ಲಿ ಹೇಸಿಗೆ ಯಾವತ್ತೂ ಕೊನೆಯ ಮಾತಾಗಿಲ್ಲ. ಉತ್ಸಾಹದ ವಾದ ಹೆಚ್ಚು ಅಪಾಯಕಾರಿ. ಯಾಕೆಂದರೆ ಅದು ಅಕ್ಕರೆಯ ವೇಷದಲ್ಲಿ ಬರುತ್ತದೆ. ಸರಾಗವಾಗಿ ಕೆಲಸ ಮಾಡುತ್ತಿರುವ ಚೀಲವನ್ನು ಮತ್ತೆ ಮತ್ತೆ ಅದುಮಿದರೆ ಅಲ್ಲಿ ಉರಿಯೂತ ಹುಟ್ಟುತ್ತದೆ, ಉರಿಯೂತದಿಂದ ನಾಳ ಬಾತು ಕಿರಿದಾಗುತ್ತದೆ, ಕಿರಿದಾದ ನಾಳ ಕಟ್ಟಿಕೊಳ್ಳುತ್ತದೆ. ಇಲ್ಲದ ರೋಗವನ್ನು ನಾವೇ ಕರೆದು ಕೂರಿಸಿದಂತೆ. ‘ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು’ ಎನ್ನುವುದು ಇದಕ್ಕೇ.

ನಾನೂ ಬಿಟ್ಟುಕೊಂಡವನೇ. ಒಂದು ಭಾನುವಾರ ಮೊಬೈಲಿನಲ್ಲಿ ವಿಡಿಯೋ ನೋಡಿ, ಗ್ಲೌಸ್ ಹಾಕಿ, ಬಚ್ಚಲಲ್ಲಿ ಚಿನ್ನಿಯನ್ನು ನಿಲ್ಲಿಸಿದೆ. ಮಗಳು ಕತ್ತು ಹಿಡಿದುಕೊಂಡಳು. ಬಾಲ ಎತ್ತಿ ಒತ್ತಿದೆ, ಏನೂ ಬರಲಿಲ್ಲ. ಇನ್ನಷ್ಟು ಒತ್ತಿದೆ. ಒಂಬತ್ತು ವರ್ಷದಲ್ಲಿ ಒಮ್ಮೆಯೂ ನನ್ನ ಮೇಲೆ ಗುರ್ ಎನ್ನದವಳು ತಿರುಗಿ ಹಲ್ಲು ತೋರಿಸಿದಳು. ಮರುದಿನ ಪಶುವೈದ್ಯರು ನೋಡಿ, ಎಡಗಡೆಯ ಚೀಲಕ್ಕೆ ಸೋಂಕಾಗಿದೆ, ಇನ್ನೆರಡು ದಿನ ಬಿಟ್ಟಿದ್ದರೆ ಕೀವುಗಟ್ಟಿ ಒಡೆಯುತ್ತಿತ್ತು ಎಂದರು. ನೋವಿರುವ ಜಾಗವನ್ನೇ ನಾನು ನಿಂಬೆಹಣ್ಣಿನಂತೆ ಹಿಂಡಿದ್ದೆ.

ಅವರು ನನ್ನನ್ನು ಬೈಯಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ: ‘ಊಟಕ್ಕೆ ಏನು ಹಾಕ್ತೀರಿ?’ ಬೆಳಿಗ್ಗೆ ಹಾಲು ಅನ್ನ, ರಾತ್ರಿ ಮೊಸರನ್ನ. ನಾರಿಲ್ಲದ ಊಟ, ಮೆತ್ತಗಿನ ಮಲ. ಮೆತ್ತಗಿನ ಮಲಕ್ಕೆ ಚೀಲವನ್ನು ಒತ್ತುವ ಶಕ್ತಿಯಿಲ್ಲ. ಜೊತೆಗೆ ಬೊಜ್ಜು, ಚರ್ಮದ ಅಲರ್ಜಿ, ಸಣ್ಣ ತಳಿಯ ಮೈಕಟ್ಟು, ಇವೂ ಕಾರಣವಾಗಬಹುದು. ಅಂದರೆ ಕಟ್ಟಿಕೊಂಡ ಚೀಲ ಬಹಳ ಸಲ ತಾನೇ ರೋಗವಲ್ಲ, ಇನ್ನೆಲ್ಲೋ ಆಗಿರುವ ಎಡವಟ್ಟಿನ ಸುದ್ದಿ. ಹಿಂಡಿದರೆ ಸುದ್ದಿ ನಿಲ್ಲುತ್ತದೆ, ಎಡವಟ್ಟು ಹಾಗೇ ಉಳಿಯುತ್ತದೆ. ಮೂರು ವಾರಕ್ಕೆ ಮತ್ತೆ ಜಮಖಾನದ ಸವಾರಿ.

ಹಾಗಾದರೆ ಮನೆಯಲ್ಲಿ ಯಾರೂ ಕೈಹಾಕಲೇಬಾರದೇ? ಹಾಗೆ ಹೇಳುವುದು ನ್ಯಾಯವಲ್ಲ. ಊಟ ಬದಲಿಸಿದರೂ ಪದೇ ಪದೇ ಕಟ್ಟಿಕೊಳ್ಳುವ ನಾಯಿಗಳಿವೆ. ಆಸ್ಪತ್ರೆಯ ಸ್ಟೀಲ್ ಮೇಜು ಕಂಡರೇ ನಡುಗುವ ಮುದಿ ನಾಯಿಗಳಿವೆ. ಪಶುವೈದ್ಯರಿಗಾಗಿ ಎರಡು ಬಸ್ಸು ಬದಲಿಸಬೇಕಾದ ಊರುಗಳಿವೆ. ಚೀಲಗಳನ್ನೇ ಶಸ್ತ್ರಚಿಕಿತ್ಸೆಯಿಂದ ತೆಗೆಸಬಹುದು. ಆದರೆ ಅಲ್ಲಿನ ನರಕ್ಕೆ, ಸ್ನಾಯುವಿಗೆ ಪೆಟ್ಟಾದರೆ ನಾಯಿಗೆ ಮಲ ತಡೆದುಕೊಳ್ಳುವ ಹಿಡಿತವೇ ಹೋಗಬಹುದು. ಅಂಥ ಕಡೆ ವೈದ್ಯರೇ ಪಕ್ಕದಲ್ಲಿ ನಿಂತು ಕಲಿಸಿಕೊಟ್ಟರೆ, ಹೊರಗಿನಿಂದ ಹಿಂಡುವುದನ್ನು ಮನೆಯವರು ಧಾರಾಳವಾಗಿ ಮಾಡಬಹುದು: ಬಾಲವನ್ನು ಮೇಲೆತ್ತಿ, ಒದ್ದೆ ಬಟ್ಟೆ ಹಿಡಿದು, ಹೆಬ್ಬೆರಳು ತೋರುಬೆರಳನ್ನು ಚೀಲಗಳ ಹಿಂದೆ ಇಟ್ಟು, ಒಳಗಿನಿಂದ ದ್ವಾರದ ಕಡೆಗೆ ಮೆಲ್ಲಗೆ ತಳ್ಳುತ್ತ ಬರುವುದು. ಒಂದೆರಡು ಸಲಕ್ಕೆ ಬಾರದಿದ್ದರೆ ಬಿಟ್ಟುಬಿಡುವುದು. ರಕ್ತ, ಕೀವು, ಬಾವು, ನೋವು ಕಂಡರೆ ಮುಟ್ಟದೆ ಹೊರಡುವುದು. ಬೆರಳನ್ನು ಗುದದೊಳಗೆ ಇಟ್ಟು ಹಿಂಡುವ ವಿಧಾನವನ್ನು ಕಲಿತವರಿಗೇ ಬಿಡುವುದು.

ಕೊನೆಯ ಮಾತಿಗೆ ಕಾರಣವಿದೆ. ಈ ಚೀಲದ ಗೋಡೆಯಲ್ಲಿ ಕೆಲವೊಮ್ಮೆ ಕ್ಯಾನ್ಸರ್ ಗಂಟು ಹುಟ್ಟುತ್ತದೆ. ಮೊದಲಿಗೆ ಅದು ಬಟಾಣಿಗಿಂತ ಚಿಕ್ಕದಿರಬಹುದು, ಹೊರಗೆ ಏನೂ ಕಾಣದೆಯೂ ಇರಬಹುದು. ಕೆಲವು ನಾಯಿಗಳಲ್ಲಿ ಆ ಗಂಟು ರಕ್ತದ ಕ್ಯಾಲ್ಸಿಯಂ ಏರಿಸುತ್ತದೆ. ನಾಯಿ ಬಟ್ಟಲುಗಟ್ಟಲೆ ನೀರು ಕುಡಿಯತೊಡಗುತ್ತದೆ, ಮನೆಯವರು ಬೇಸಿಗೆಯ ದಾಹವೆಂದುಕೊಳ್ಳುತ್ತಾರೆ. ವೈದ್ಯರ ಬೆರಳು ಒಳಗೆ ಹೋದಾಗ ಚೀಲ ಖಾಲಿಯಾಗುವುದಷ್ಟೇ ಅಲ್ಲ, ಅದರ ಗೋಡೆಯ ತಪಾಸಣೆಯೂ ಆಗುತ್ತದೆ. ಬಚ್ಚಲಲ್ಲಿ ನಾವು ಉಳಿಸುವ ದುಡ್ಡಿನ ಜೊತೆ ಆ ತಪಾಸಣೆಯೂ ತಪ್ಪಿಹೋಗುತ್ತದೆ. ಕೈ ಪಳಗಿದಷ್ಟೂ ಆಸ್ಪತ್ರೆಯ ದಾರಿ ಮರೆಯುತ್ತದೆ ಎಂಬುದೇ ಈ ಮನೆಮದ್ದಿನ ದೊಡ್ಡ ತೊಡಕು.

ಹಾಗಾಗಿ ಸಾಕಿದವರು ಮೊದಲು ಕಲಿಯಬೇಕಾದದ್ದು ಹಿಂಡುವುದನ್ನಲ್ಲ, ನೋಡುವುದನ್ನು. ಮಲ ಗಟ್ಟಿಯಿದೆಯೇ, ನಾಯಿ ಹಿಂದಿರುಗಿ ಅದೇ ಜಾಗವನ್ನು ನೆಕ್ಕುತ್ತಿದೆಯೇ, ಕೂತ ತಕ್ಷಣ ಚುಚ್ಚಿದಂತೆ ಎದ್ದುಬಿಡುತ್ತದೆಯೇ, ಒಂದು ಬದಿ ಕೆಂಪಾಗಿದೆಯೇ. ಇದಕ್ಕೆ ಗ್ಲೌಸೂ ಬೇಡ, ಧೈರ್ಯವೂ ಬೇಡ. ದಿನಕ್ಕೆ ಅರ್ಧ ನಿಮಿಷ ಸಾಕು.

ಚಿನ್ನಿಯ ಮೊಸರನ್ನ ಈಗ ನಿಂತಿದೆ. ವೈದ್ಯರು ಹೇಳಿದ ಊಟದ ಜೊತೆ ಒಂದು ಚಮಚ ಬೆಂದ ಸಿಹಿಗುಂಬಳ. ಹೊರಗಿನಿಂದ ಹಿಂಡುವುದನ್ನು ಅವರು ನನಗೆ ಕಲಿಸಿದ್ದಾರೆ, ಕೈಗೂ ಅದು ಒಲಿದಿದೆ. ಭಾನುವಾರ ಸ್ನಾನವಾದ ಮೇಲೆ ಬಾಲ ಎತ್ತಿ ನೋಡುತ್ತೇನೆ. ಅವಳು ಕತ್ತು ತಿರುಗಿಸಿ ಅನುಮಾನದಿಂದ ನನ್ನನ್ನೇ ನೋಡುತ್ತಾಳೆ. ಆ ಬಚ್ಚಲನ್ನು ಅವಳಿನ್ನೂ ಮರೆತಿಲ್ಲ. ಎಲ್ಲ ಸರಿಯಿದ್ದರೆ ಬಾಲ ಬಿಟ್ಟು, ಟವೆಲು ತೆಗೆದುಕೊಳ್ಳುತ್ತೇನೆ.